ಪಬ್ ಊಟ ಡಿಸೆಂಬರಿಗೆ ಬೇಡ, ಜನವರಿಗೆ ಹಾಕಿ

ಸಂಪಾದಕರೇ,

ನಾನು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಕೂತು ನಿಮ್ಮ ಪತ್ರಿಕೆ ಓದುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅದಕ್ಕೇ ಈ ಮಾತನ್ನು ವಾಚಕರ ಪತ್ರದಲ್ಲೇ ಹೇಳಿಬಿಡೋಣ ಅನ್ನಿಸಿತು. ವಿಷಯ ದೊಡ್ಡದೇನಲ್ಲ. ಚಳಿಗಾಲದಲ್ಲಿ ಸ್ನೇಹಿತರೆಲ್ಲ ಪಬ್‌ನಲ್ಲಿ ಸೇರಿ ಮಧ್ಯಾಹ್ನದ ಊಟ ಮಾಡುವ ರೂಢಿ ನಮ್ಮವರಿಗೂ ಹತ್ತಿದೆ. ಒಳ್ಳೆಯದೇ. ಆದರೆ ಎಲ್ಲರೂ ಅದನ್ನು ಕ್ರಿಸ್‌ಮಸ್ ಗದ್ದಲದ ಡಿಸೆಂಬರಿನಲ್ಲೇ ಯಾಕೆ ಇಟ್ಟುಕೊಳ್ಳಬೇಕು? ಜನವರಿಗೆ ಹಾಕಿ ಅನ್ನುವುದು ನನ್ನ ವಾದ.

ಊರಲ್ಲಿರುವ ಅಪ್ಪ-ಅಮ್ಮ ಇದನ್ನು ಓದಿ ಗಾಬರಿಯಾಗುವುದು ಬೇಡ. ಇಲ್ಲಿಯ ಪಬ್‌ಗೆ ಭಾನುವಾರ ಮಧ್ಯಾಹ್ನ ಅಜ್ಜಿ, ತಾತ, ಮೊಮ್ಮಕ್ಕಳು, ಕೆಲವು ಕಡೆ ನಾಯಿಯೂ ಬರುತ್ತದೆ. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್‌ಗಳ ಒಳಗೆ ಸಿಗರೇಟು ಸೇದುವ ಹಾಗೂ ಇಲ್ಲ. ಒಂದು ಕೋಕ್ ಮುಂದಿಟ್ಟುಕೊಂಡು ಹರಟೆ ಹೊಡೆಯುತ್ತಾ ಕೂತರೂ ಸಾಮಾನ್ಯವಾಗಿ ಯಾರೂ ಎದ್ದೇಳಿ ಅನ್ನುವುದಿಲ್ಲ.

ಡಿಸೆಂಬರಿನಲ್ಲಿ ಮಾತ್ರ ಅನ್ನುತ್ತಾರೆ. ಕೂತು ಎರಡು ತಾಸು ಆದ ಕೂಡಲೇ ನಿಮ್ಮ ಮೇಜಿಗೆ ಮುಂದಿನ ಗುಂಪು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಆ ಎರಡು ತಾಸಿಗಾಗಿ ನಡೆಯುವ ತಯಾರಿ ನೋಡಬೇಕು ನೀವು. ಎಂಟು-ಹತ್ತು ಜನ ಅಂದರೆ ಅಕ್ಟೋಬರಿನಲ್ಲೇ ಬುಕ್ ಮಾಡಬೇಕು, ತಲೆಗೆ ಹತ್ತೋ ಹದಿನೈದೋ ಪೌಂಡ್ ಮುಂಗಡ ಕಟ್ಟಬೇಕು, ಆಮೇಲೆ ಯಾರಿಗೆ ಯಾವ ಸ್ಟಾರ್ಟರ್, ಯಾವ ಮೇನ್, ಯಾವ ಪುಡಿಂಗ್ ಅಂತ ವಾರಗಟ್ಟಲೆ ಮುಂಚೆ ಬರೆದು ಕಳಿಸಬೇಕು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪಾಪ ಎಲ್ಲರ ಬೆನ್ನು ಹತ್ತುತ್ತಾರೆ. ಉತ್ತರ ಕೊಡದವರೇ ಜಾಸ್ತಿ. ಊಟದ ದಿನ ಬಡಿಸುವ ಹುಡುಗಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು "ನಟ್ ರೋಸ್ಟ್ ಯಾರದು?" ಅಂತ ಕೂಗಿದರೆ (ಅದು ಬೀಜಗಳಿಂದ ಮಾಡುವ ಸಸ್ಯಾಹಾರಿ ತಿನಿಸು), ಅಕ್ಟೋಬರಿನಲ್ಲಿ ಟರ್ಕಿ ಕೋಳಿ ಬರೆಸಿದ್ದನ್ನು ಪೂರ್ತಿ ಮರೆತ ಪುಣ್ಯಾತ್ಮರೊಬ್ಬರು "ಇಲ್ಲಿ, ಇಲ್ಲಿ" ಅಂತ ಕೈ ಎತ್ತುತ್ತಾರೆ. ಮೇಜಿನ ಆ ತುದಿಯಲ್ಲಿರುವ ಸಸ್ಯಾಹಾರಿಯ ಮುಂದೆ ಟರ್ಕಿ ಬಂದು ಕೂರುತ್ತದೆ. ಇನ್ನೊಂದು ಕೊಡಿ ಅಂದರೆ ಲೆಕ್ಕದ ಪ್ರಕಾರವೇ ಮಾಡಿದ್ದು, ಮುಗಿಯಿತು ಅನ್ನುತ್ತಾರೆ. ತಲೆಗೆ ಕ್ರಿಸ್‌ಮಸ್ ಊಟದ ಬಣ್ಣದ ಕಾಗದದ ಕಿರೀಟ ಹಾಕಿಕೊಂಡು ಬರೀ ಬೇಯಿಸಿದ ಕ್ಯಾರೆಟ್ ತಿಂದವರನ್ನು ನಾನು ನೋಡಿದ್ದೇನೆ.

ಬಿಲ್ಲಿನ ಕಥೆ ಬೇರೆ. ಒಬ್ಬರ ಕಾರ್ಡಿನಲ್ಲಿ ಎಲ್ಲರದ್ದೂ ಹೋಗುತ್ತದೆ, ಅವರು ಹೊಸ ವರ್ಷದವರೆಗೂ "ನಿಮ್ಮದೊಂದು ಬಾಕಿ ಇದೆ" ಅಂತ ಮೆಸೇಜು ಹಾಕುತ್ತಲೇ ಇರಬೇಕು. ಸ್ನೇಹ ಕೆಡೋದು ಇಂಥ ಕಡೆಯೇ.

ಜನವರಿಯಲ್ಲಿ ಈ ಯಾವ ರಗಳೆಯೂ ಇಲ್ಲ. ಹಿಂದಿನ ವಾರ ಫೋನ್ ಮಾಡಿದರೂ ಬೆಂಕಿಯ ಪಕ್ಕದ ಮೇಜು ಸಿಗುತ್ತದೆ. ಬಹುತೇಕ ಪಬ್‌ಗಳಲ್ಲಿ ಮೇಜಿನ ನಂಬರ್ ನೋಡಿಕೊಂಡು ಬಾರ್‌ಗೆ ಹೋಗಿ, ಬೇಕಾದ್ದು ಹೇಳಿ, ಅಲ್ಲೇ ದುಡ್ಡು ಕೊಟ್ಟು ಬರುವುದು ಪದ್ಧತಿ. ತಿಂದವರು ತಿಂದದ್ದಕ್ಕೆ ಕೊಡುತ್ತಾರೆ, ಹಂಚುವ ಮಾತೇ ಬರುವುದಿಲ್ಲ. ಒಬ್ಬರ ನಂತರ ಒಬ್ಬರು ಎಲ್ಲರಿಗೂ ಕುಡಿಯಲು ಕೊಡಿಸುವ ರೌಂಡ್ ಅನ್ನೋದು ಇಲ್ಲಿದೆಯಲ್ಲ, ಅದರಲ್ಲಿ ಕುಡಿಯದವರು ಒಂದು ನಿಂಬೆ ಸೋಡಕ್ಕೆ ಬದಲಾಗಿ ನಾಲ್ಕು ಬಿಯರ್ ಕೊಡಿಸಿ ಎದ್ದು ಬರುತ್ತಾರೆ. ಅದೂ ತಪ್ಪುತ್ತದೆ. 2013ರಲ್ಲಿ ಶುರುವಾದ 'ಡ್ರೈ ಜನವರಿ' ಅಭಿಯಾನದಿಂದಾಗಿ ಆ ತಿಂಗಳು ಇಂಗ್ಲಿಷಿನವರೇ ಎಷ್ಟೋ ಜನ ಮದ್ಯ ಮುಟ್ಟುವುದಿಲ್ಲ, ಹಾಗಾಗಿ ನೀವ್ಯಾಕೆ ಕುಡಿಯಲ್ಲ ಅಂತ ಯಾರೂ ಕೆದಕುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಭಾನುವಾರದ ರೋಸ್ಟ್, ಅಂದರೆ ಅವನ್‌ನಲ್ಲಿ ಬೇಯಿಸಿದ ಮಾಂಸದ ಊಟದ ಜೊತೆ ಬರುವ ಆಲೂಗಡ್ಡೆ ನೋಡಲು ಸಾಧುವಾಗಿರುತ್ತದೆ, ಆದರೆ ಎಷ್ಟೋ ಕಡೆ ಅದನ್ನು ದನದ ಕೊಬ್ಬಿನಲ್ಲೋ ಬಾತುಕೋಳಿ ಜಾತಿಯ ಗೂಸ್ ಹಕ್ಕಿಯ ಕೊಬ್ಬಿನಲ್ಲೋ ಹುರಿದಿರುತ್ತಾರೆ. ಯಾರ್ಕ್‌ಷೈರ್ ಪುಡಿಂಗ್ ಸಿಹಿಯಲ್ಲ, ಮೈದಾ, ಮೊಟ್ಟೆ, ಹಾಲು ಕಲಸಿ ಅವನ್‌ನಲ್ಲಿ ಉಬ್ಬಿಸಿದ್ದು, ಅದಕ್ಕೂ ಹಳೇ ಪದ್ಧತಿಯಲ್ಲಿ ಅದೇ ಕೊಬ್ಬು. ಗ್ರೇವಿ ಮಾಂಸದ ರಸದ್ದಿರಬಹುದು, ಅದನ್ನೂ ಕೇಳಿಯೇ ಹಾಕಿಸಿಕೊಳ್ಳಿ. ಡಿಸೆಂಬರಿನಲ್ಲಿ ಇದನ್ನೆಲ್ಲ ಕೇಳಲು ಹೋದರೆ ಉತ್ತರ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಜನವರಿಯಲ್ಲಿ ಅಡುಗೆಯವರೇ ಹೊರಗೆ ಬಂದು ಹೇಳಿದ್ದುಂಟು.

ಬೆಳಕಿನ ಲೆಕ್ಕವನ್ನೂ ನೋಡಿ. ಡಿಸೆಂಬರ್ ನಡುವೆ ಲಂಡನ್ನಿನಲ್ಲಿ ಮಧ್ಯಾಹ್ನ 3.50ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಜನವರಿ ಕೊನೆಗೆ ಅದು 4.45ರ ಹತ್ತಿರ ಬರುತ್ತದೆ. ಊಟ ಮುಗಿಸಿ ಕಾಲುವೆ ಪಕ್ಕದಲ್ಲೋ ಗದ್ದೆಯಂಚಿನಲ್ಲೋ ಒಂದು ಸುತ್ತು ನಡೆಯಲು ಆ ಒಂದು ಗಂಟೆ ಸಾಕು. ಕಾರು ಓಡಿಸುವವರೂ ಹಳ್ಳಿಯ ಸಣ್ಣ ರಸ್ತೆ ದಾಟುವವರೆಗೆ ಕತ್ತಲಾಗುವುದಿಲ್ಲ.

ಇಷ್ಟೆಲ್ಲ ಅನುಕೂಲ ಆಯಿತು, ನಿಜವಾದ ಕಾರಣ ಬೇರೆ. ಡಿಸೆಂಬರಿನಲ್ಲಿ ಒಬ್ಬಂಟಿ ಇರುವವರನ್ನೂ ಯಾರೋ ಒಬ್ಬರು ಕರೆಯುತ್ತಾರೆ. ಜನವರಿಯಲ್ಲಿ ಯಾರೂ ಕರೆಯುವುದಿಲ್ಲ. ಒಂದನೇ ತಾರೀಖು ಕಳೆದರೆ ಗುಡ್ ಫ್ರೈಡೇವರೆಗೆ ಇಂಗ್ಲೆಂಡಿನಲ್ಲಿ ಸರ್ಕಾರಿ ರಜೆಯೇ ಇಲ್ಲ. ಸೆಪ್ಟೆಂಬರಿನಲ್ಲಿ ಓದಲು ಬಂದ ಹುಡುಗ-ಹುಡುಗಿಯರಿಗೆ ಮೊದಲ ಚಳಿಗಾಲ. ಊರಿಗೆ ಹೋಗಿ ಬಂದವರು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬದ ಮುಂದೆ ಸಪ್ಪಗೆ ಕೂತಿರುತ್ತಾರೆ. ಇವರಿಗೆಲ್ಲ "ಭಾನುವಾರ ಬಾ, ಊಟ ಮಾಡೋಣ" ಅಂತ ಹೇಳಬೇಕಾದ್ದು ಆಗಲೇ ಅಲ್ವಾ? ಮದುವೆಯಾಗಿ ಮಕ್ಕಳಿರುವವರಿಗೆ ಇದು ಅಷ್ಟಾಗಿ ಹೊಳೆಯುವುದಿಲ್ಲ. ದೂರು ಅಂತ ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

ಜನವರಿಯಲ್ಲಿ ಜೇಬು ಖಾಲಿ ಅನ್ನುವವರೂ ಇದ್ದಾರೆ. ಆ ಮಾತು ನಿಜ. ಇಲ್ಲಿ ಎಷ್ಟೋ ಕಂಪನಿಗಳು ಡಿಸೆಂಬರ್ ಸಂಬಳವನ್ನು ಕ್ರಿಸ್‌ಮಸ್‌ಗೆ ಮೊದಲೇ ಕೊಟ್ಟುಬಿಡುತ್ತವೆ, ಮುಂದಿನ ಸಂಬಳಕ್ಕೆ ಐದಾರು ವಾರ ಕಾಯಬೇಕು. ಅದಕ್ಕೇ ತಿಂಗಳ ಕೊನೆಯ ಭಾನುವಾರ ಇಟ್ಟುಕೊಳ್ಳಿ. ಸಂಕ್ರಾಂತಿ ಕಳೆದು ಹತ್ತು ದಿನ ಆಗಿದ್ದರೂ ಎಳ್ಳು-ಬೆಲ್ಲ ಏನೂ ಕೆಡುವುದಿಲ್ಲ. ಅದನ್ನು ಮಾತ್ರ ಪಬ್ ಮೇಜಿನ ಮೇಲೆ ಬಿಚ್ಚಬೇಡಿ. ಹೊರಗಿನ ತಿಂಡಿ ಬಿಡುವುದಿಲ್ಲ ಅನ್ನುವುದು ಒಂದು, ಇನ್ನೊಂದು, ಅಲರ್ಜಿ ಬಗ್ಗೆ ಗ್ರಾಹಕರಿಗೆ ಹೇಳಲೇಬೇಕಾದ 14 ಪದಾರ್ಥಗಳ ಪಟ್ಟಿ ಇಲ್ಲಿಯ ಕಾನೂನಿನಲ್ಲಿದೆ. ಎಳ್ಳು, ಕಡಲೆಕಾಯಿ ಎರಡೂ ಅದರಲ್ಲಿವೆ. ಕಾರ್ ಪಾರ್ಕಿನಲ್ಲಿ ಹಂಚಿಕೊಳ್ಳಿ, ಯಾರದೂ ತಕರಾರಿಲ್ಲ.

ಇಂಗ್ಲೆಂಡಿನಿಂದ ಒಬ್ಬ ಓದುಗ