ವೀನಸ್ ಫ್ಲೈಟ್ರ್ಯಾಪ್ ಸಸಿ ಒಯ್ದವರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬದಿಯಡ್ಕದಲ್ಲಿ ಸೇರಿದ್ದಾಗ ಹುಳ ಹಿಡಿದು ತಿನ್ನುವ ಈ ಗಿಡದ ಸಸಿ ಒಯ್ದವರು ದಯವಿಟ್ಟು ಓದಿ.

ಮಳೆ ನಿಲ್ಲುವ ಮೊದಲು, ಈ ವಾರವೇ, ಅಂಗಳಕ್ಕೆ ನೇರ ಬೀಳುವ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಡಿ. ಬೇಸಿಗೆಗೆ ಅದೇ ಬೇಕು. ಕೊಳವೆಬಾವಿ ನೀರಿನ ಲವಣ ಕುಂಡದಲ್ಲಿ ಕೂಡಿಕೂಡಿ ಬೇರನ್ನು ಕೆಡಿಸುತ್ತದೆ. ಗೊಬ್ಬರವಂತೂ ಬೇಡವೇ ಬೇಡ. ಈ ಗಿಡದ ತವರು ಅಮೆರಿಕದ ಕೆರೊಲಿನಾದ ಸಾರವಿಲ್ಲದ ಜವುಗುಮಣ್ಣು. ತಟ್ಟೆಯಲ್ಲಿ ಒಂದು ಬೆರಳು ನೀರು, ಒಳ್ಳೆಯ ಬಿಸಿಲು ಇದ್ದರೆ ಸಾಕು.

ಮಕ್ಕಳು ಕಡ್ಡಿ ಹಾಕದಂತೆ ನೋಡಿಕೊಳ್ಳಿ. ಬಾಯಿಯಂತೆ ತೆರೆದಿರುವ ಎಲೆಯೊಳಗಿನ ಸಣ್ಣ ರೋಮಗಳನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಅದು ಮುಚ್ಚಿಕೊಳ್ಳುತ್ತದೆ. ಹುಳವಿಲ್ಲದೆ ಮತ್ತೆ ಮತ್ತೆ ಮುಚ್ಚಿದರೆ ಗಿಡ ಸೊರಗುತ್ತದೆ. ನನ್ನ ಮೊದಲ ಗಿಡ ಹೀಗೆಯೇ ಹೋಯಿತು, ಈಗಲೂ ಬೇಸರವಿದೆ.

ಹಲವು ಎಲೆ ಒಟ್ಟಿಗೇ ಕಪ್ಪಾಗುತ್ತಿದ್ದರೆ ಭಾನುವಾರದೊಳಗೆ ಫೋಟೊ ಹಾಕಿ. ಡ್ರಮ್ ಇಲ್ಲದವರು ತಿಳಿಸಿ, ನನ್ನಲ್ಲಿ ಎರಡು ಇವೆ.