ಕಡಿಮೆ ದರದ ಟೆಂಡರು, ಹಸಿರು ಕಟ್ಟಡ

ಮಾನ್ಯ ಸಂಪಾದಕರೇ,

ನಮ್ಮ ಬದಿಯಡ್ಕ, ಕುಂಬಳೆ ಕಡೆ ಈಗ ಹೊಸ ಸಭಾಭವನ ಕಟ್ಟುವವರೂ ‘ಹಸಿರು ಕಟ್ಟಡ’, ಅಂದರೆ ಕರೆಂಟು, ನೀರು ಕಡಿಮೆ ಬಳಸುವ ಕಟ್ಟಡ, ಅನ್ನುತ್ತಾರೆ. ಸಂತೋಷವೇ. ಆದರೆ ಕೆಲಸ ಕೊಡುವ ರೀತಿ ಬದಲಾಗಿಲ್ಲ. ಒಬ್ಬರು ನಕ್ಷೆ ಮಾಡುತ್ತಾರೆ, ಆಮೇಲೆ ಟೆಂಡರು, ಕಡಿಮೆ ದರ ಹಾಕಿದವರಿಗೆ ಕೆಲಸ.

ನಾನಿದ್ದ ಒಂದು ಕಟ್ಟಡ ಸಮಿತಿಯಲ್ಲೂ ಹೀಗೇ ಆಯಿತು. ನಕ್ಷೆಯಲ್ಲಿ ಪಶ್ಚಿಮಕ್ಕೆ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ, ಕಿಟಕಿಗಳ ಮೇಲೆ ಅಗಲವಾದ ಸಜ್ಜ ಇತ್ತು. ಖರ್ಚು ಜಾಸ್ತಿ ಅಂತ ಸಜ್ಜ ಬಿಟ್ಟೆವು. ಗೋಡೆಯ ಅರ್ಧ ಭಾಗಕ್ಕೆ ಗಾಜು ಬಂತು. ಈಗ ಮಧ್ಯಾಹ್ನ 3 ಗಂಟೆಗೆ ಪರದೆ ಎಳೆದು, ಲೈಟು ಹಾಕಿ, ಎ.ಸಿ. ಹಚ್ಚಿ ಕೂರುತ್ತೇವೆ. ಆಟಿ ತಿಂಗಳ (ಆಷಾಢದ) ಮಳೆಗೆ ಗಾಜಿನ ಸಂದಿಯಿಂದ ನೀರು ಒಳಗೆ ಬರುತ್ತದೆ. ಕೇಳಿದರೆ ನಕ್ಷೆಯವರು ಗುತ್ತಿಗೆದಾರರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ. ಕರಾರಿನಲ್ಲಿ ಯಾರ ಹೊಣೆಯೂ ಬರೆದಿಲ್ಲ. ತಪ್ಪು ನಮ್ಮದೂ ಹೌದು.

ಎಂಜಿನಿಯರು, ಗುತ್ತಿಗೆದಾರ, ವಯರಿಂಗ್‌ನವರು ನಕ್ಷೆ ಮಾಡುವಾಗಲೇ ಒಟ್ಟಿಗೆ ಕೂರಬೇಕು. ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಯೂನಿಟ್ ಕರೆಂಟು ಅಂತ ಕರಾರಿನಲ್ಲೇ ಬರೆಯಬೇಕು. ಒಂದು ಬೇಸಗೆ, ಒಂದು ಮಳೆಗಾಲ ಕಳೆದು, ಮೀಟರು ನೋಡಿದ ಮೇಲೆಯೇ ಕೊನೆಯ ಕಂತು ಕೊಡಬೇಕು. ಕೇಂದ್ರ ಹಣಕಾಸು ಸಚಿವಾಲಯವೇ 2021ರಲ್ಲಿ ಕೆಲವು ಕಾಮಗಾರಿಗಳ ಟೆಂಡರಿನಲ್ಲಿ ಬರೀ ದರ ನೋಡದೆ ಗುಣಮಟ್ಟಕ್ಕೂ ಶೇ. 30ರವರೆಗೆ ತೂಕ ಕೊಡಲು ಅವಕಾಶ ಮಾಡಿದೆ. ನಮ್ಮ ಊರಿನ ಸಮಿತಿಗಳಿಗೆ ಅಷ್ಟೂ ಸಾಧ್ಯವಿಲ್ವಾ? ಹೊಸ ಕಟ್ಟಡಕ್ಕೆ ಕೈ ಹಾಕುವವರು ದಯವಿಟ್ಟು ಸಹಿ ಹಾಕುವ ಮೊದಲು ಇದನ್ನು ಚರ್ಚಿಸಿ.

– ಓರ್ವ ಓದುಗ, ಬದಿಯಡ್ಕ