ರೇಟಿಂಗ್ ದಿನ ಹೊಸ ಸುದ್ದಿ ಹೇಳಬೇಡ

ಮಾದಾಪುರ, ಕೊಡಗು
ಜುಲೈ ತಿಂಗಳು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಳೆ ಹಿಡಿದು ನಾಲ್ಕು ದಿನ. ಕರೆಂಟಿಲ್ಲ, ಟವರೂ ಸತ್ತಿದೆ, ಹಾಗಾಗಿ ಕಾಗದ. ನೀನು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದೀಯ, ಎಂಟು ಜನರ ಟೀಮು ಎಂದು ನಿಮ್ಮಪ್ಪ ಹೇಳಿದ. ಇಲ್ಲಿ ಅರೇಬಿಕಾ ಕಾಫಿ ಕೊಯ್ಲು ನಡೆಯುವ ಡಿಸೆಂಬರಿನಲ್ಲಿ ಅಲ್ಲಿ ವರ್ಷದ ಕೆಲಸಕ್ಕೆ ದರ್ಜೆ ಕೊಡುವ ನಿಮ್ಮ ರೇಟಿಂಗ್ ಕಾಲ. ಆಗ ನೀನು ಕೂರಿಸಿಕೊಂಡು ಹೇಳುವ ಮಾತು ಎಂಟರಲ್ಲಿ ಒಬ್ಬರಿಗೂ ಹೊಸದಾಗಿ ಕೇಳಬಾರದು. ಮಿಕ್ಕಿದ್ದೆಲ್ಲ ಬರೆಯುತ್ತಿರುವುದು ಅದಕ್ಕಾಗಿಯೇ.

ಒಬ್ಬೊಬ್ಬರ ಜೊತೆ ವಾರಕ್ಕೆ ಅರ್ಧ ಗಂಟೆ ಒನ್-ಆನ್-ಒನ್ ಇಡು. ವಾರಕ್ಕೆ ನಾಲ್ಕು ಗಂಟೆ ಹೋಗುತ್ತದೆ, ಹೋಗಲಿ. ಆಗದಿದ್ದರೆ ಅದೇ ವಾರ ಬೇರೆ ಹೊತ್ತಿಗೆ ಸರಿಸು, ರದ್ದು ಮಾಡಬೇಡ. ರದ್ದು ಮಾಡುತ್ತಾ ಹೋದರೆ ಅವರು ಬಾಯಿ ಬಿಡುವುದು ರಾಜೀನಾಮೆಯ ದಿನವೇ. ನಮ್ಮಲ್ಲಿ ನೋಟಿಸ್ ಅವಧಿ ಹೆಚ್ಚಾಗಿ 60ರಿಂದ 90 ದಿನ. ಬದಲಿಗೆ ಬರುವವರೂ ಅವರ ಕಂಪನಿಯಲ್ಲಿ ಅಷ್ಟೇ ದಿನ ಕಳೆದು ಬರಬೇಕು, ಬಂದ ಮೇಲೆ ಕೋಡ್ ತಲೆಗೆ ಹತ್ತಲು ಇನ್ನೆರಡು ಮೂರು ತಿಂಗಳು. ಒಬ್ಬರು ಹೋದರೆ ಅರ್ಧ ವರ್ಷ ಕೈ ಮುರಿದ ಹಾಗೆ. ಆ ಅರ್ಧ ಗಂಟೆಯಲ್ಲಿ ಟಿಕೆಟ್, ಅಂದರೆ ಒಪ್ಪಿಸಿದ ಕೆಲಸ, ಎಲ್ಲಿಗೆ ಬಂತು ಎಂದು ಕೇಳಬೇಡ, ಅದು ಕೆಲಸದ ಪಟ್ಟಿ ಇಡುವ ಜಿರಾದಲ್ಲೇ ಕಾಣುತ್ತದೆ. ಎಲ್ಲಿ ಸಿಕ್ಕಿಕೊಂಡಿದ್ದೀರಿ, ಯಾರಿಂದ ಏನು ಬರಬೇಕು ಎಂದು ಕೇಳಿ ಸುಮ್ಮನೆ ಕೂರು.

ಶುಕ್ರವಾರ ಸಂಜೆ ಇಪ್ಪತ್ತು ನಿಮಿಷ ಟಿಪ್ಪಣಿಗೆ ಎತ್ತಿಡು. ಒಬ್ಬೊಬ್ಬರಿಗೆ ಎರಡು ಸಾಲು, ದಿನಾಂಕ, ಲಿಂಕ್. ಹೀಗೆ ಬರೆ: "ಜುಲೈ 11. ಲಾಗಿನ್ ಸರ್ವಿಸ್ ಬಿದ್ದಾಗ 40 ನಿಮಿಷದಲ್ಲಿ ಕಾರಣ ಹಿಡಿದ. ಮರುದಿನ ತಾನಾಗಿಯೇ ಅದಕ್ಕೆ ಅಲರ್ಟ್ ಹಾಕಿದ." ಬರೀ "ಚೆನ್ನಾಗಿ ಮಾಡಿದ" ಎಂದಿದ್ದರೆ ಡಿಸೆಂಬರಿನಲ್ಲಿ ಏನನ್ನು ಎಂದು ನಿನಗೇ ನೆನಪಿರುವುದಿಲ್ಲ. ಬರೆದಿಡದವರ ತಲೆಯಲ್ಲಿ ಉಳಿಯುವುದು ಕೊನೆಯ ಐದಾರು ವಾರ ಮಾತ್ರ. ಫೆಬ್ರವರಿಯಲ್ಲಿ ದುಡಿದವ ಮರೆತುಹೋಗುತ್ತಾನೆ, ನವೆಂಬರಿನಲ್ಲಿ ಸದ್ದು ಮಾಡಿದವ ಮೇಲೇರುತ್ತಾನೆ. ನೀನು ನಡುವರ್ಷದಲ್ಲಿ ಬಂದವಳು, ಜನವರಿಯಿಂದ ಜೂನ್‌ವರೆಗಿನದನ್ನು ಹಿಂದಿನ ಮ್ಯಾನೇಜರ್ ಹತ್ತಿರ ಈಗಲೇ ಬರೆಸಿಕೋ. ಅವರು ಕೆಲಸ ಬಿಟ್ಟ ಮೇಲೆ ಫೋನ್ ಮಾಡಿ ಪ್ರಯೋಜನವಿಲ್ಲ.

ಟಿಪ್ಪಣಿ ಕೆಲಸಕ್ಕೆ ಬರುವುದು ಎಲ್ಲ ಟೀಮುಗಳ ರೇಟಿಂಗ್ ಹೋಲಿಸಿ ತೀರ್ಮಾನಿಸುವ ಕ್ಯಾಲಿಬ್ರೇಶನ್ ಮೀಟಿಂಗಿನಲ್ಲಿ. ಒಬ್ಬ ಡೈರೆಕ್ಟರ್ ಕೆಳಗಿನ ಮ್ಯಾನೇಜರುಗಳೆಲ್ಲ ಕೂತಿರುತ್ತಾರೆ, ಒಂದು ಹೆಸರಿಗೆ ಸಿಗುವುದು ಕೆಲವೇ ನಿಮಿಷ. ಮೇಲೆ ಇಷ್ಟು ಜನ, ಕೆಳಗೆ ಇಷ್ಟು ಜನ ಎಂದು ಕಡ್ಡಾಯ ಮಾಡುವ ಕರ್ವ್ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಕರ್ವ್ ಇಲ್ಲ ಎಂದು ಹೇಳುವ ಕಡೆಯೂ ಇನ್‌ಕ್ರಿಮೆಂಟಿಗೆ ಎತ್ತಿಟ್ಟ ದುಡ್ಡಿಗೆ ಮಿತಿ ಇದ್ದೇ ಇರುತ್ತದೆ, ಕರ್ವ್ ಹಿತ್ತಿಲ ಬಾಗಿಲಿಂದ ಬರುತ್ತದೆ. ಒಬ್ಬೊಬ್ಬರ ಬಗ್ಗೆ ಅರ್ಧ ಪುಟ ಸಿದ್ಧವಿರಲಿ: ಏನು ಮಾಡಿದರು, ಅದರಿಂದ ಯಾವ ಅಂಕಿ ಬದಲಾಯಿತು, ಬೇರೆ ಟೀಮಿನ ಇಬ್ಬರು ಏನು ಹೇಳಿದರು. ಅದಕ್ಕಿಂತ ಮುಖ್ಯ, ಆ ಕೋಣೆಯಲ್ಲಿರುವ ಇನ್ನಿಬ್ಬರಾದರೂ ನಿನ್ನ ಹುಡುಗರ ಹೆಸರು ಮೊದಲೇ ಕೇಳಿರಬೇಕು. ಅಕ್ಟೋಬರಿನೊಳಗೆ ಪಕ್ಕದ ಟೀಮುಗಳ ಮುಂದೆ ಅವರಿಂದಲೇ ಡೆಮೊ ಮಾಡಿಸು, ನೀನು ಮಾಡಬೇಡ. ಮತ್ತೆ, ಮೀಟಿಂಗಿಗೆ ಮೊದಲು ಯಾರಿಗೂ ರೇಟಿಂಗಿನ ಮಾತು ಕೊಡಬೇಡ. ಕೆಲಸ ಹೇಗಿದೆ ಎಂದು ತಿಂಗಳು ತಿಂಗಳು ಹೇಳುವುದು ನಿನ್ನ ಕೈಯಲ್ಲಿದೆ, ರೇಟಿಂಗ್ ನಿನ್ನೊಬ್ಬಳ ಕೈಯಲ್ಲಿಲ್ಲ.

ಮುಚ್ಚಿದ ಟಿಕೆಟ್ ಎಣಿಸಿ ಜನರನ್ನು ಅಳೆಯಬೇಡ. ಕೆ.ಜಿ. ಲೆಕ್ಕದಲ್ಲಿ ಕೊಯ್ಲು ಮಾಡಿಸಿದ ಸಂಜೆ, ತಕ್ಕಡಿ ಹತ್ತಿರ ಒಂದು ಚೀಲ ಬಿಚ್ಚಿ ನೋಡು. ಮೇಲೆ ಕೆಂಪು ಹಣ್ಣು ಇರುತ್ತದೆ. ಮೊಣಕೈವರೆಗೆ ಕೈ ಇಳಿಸಿದರೆ ಹಸಿರು ಕಾಯಿ, ಎಲೆ, ಕಡ್ಡಿ. ಕೊಯ್ದವರನ್ನು ಬೈದು ಫಲವಿಲ್ಲ, ನಾವು ಕೇಳಿದ್ದೇ ತೂಕವನ್ನು. ಟಿಕೆಟ್ ಎಣಿಸಿದರೆ ಒಂದು ಕೆಲಸ ನಾಲ್ಕು ಟಿಕೆಟ್ ಆಗಿ ಬರುತ್ತದೆ, ಕಷ್ಟದ ಬಗ್ ಯಾರೂ ಮುಟ್ಟುವುದಿಲ್ಲ.

ಕೆಟ್ಟ ಸುದ್ದಿ ಹೇಳುವುದರಲ್ಲಿ ನಮ್ಮ ಕಡೆಯವರು ಸೋಲುತ್ತೇವೆ. "ಸ್ವಲ್ಪ ನೋಡ್ಕೊಳ್ಳಪ್ಪ" ಎಂದು ಕಾಫಿ ಕುಡಿಸಿ ಕಳಿಸುತ್ತೇವೆ, ಅವನು ಎಲ್ಲ ಸರಿಯಿದೆ ಎಂದುಕೊಂಡು ಹೋಗುತ್ತಾನೆ. ವಿಷಯ ಹಳಸುವ ಮೊದಲೇ, ಎರಡು ದಿನದೊಳಗೆ, ಬಾಗಿಲು ಹಾಕಿ ಹೇಳು: "ಮಂಗಳವಾರದ ರಿಲೀಸಿಗೆ ಟೆಸ್ಟ್ ಓಡಿಸದೆ ಕೋಡ್ ಬಿಟ್ಟಿರಿ. ಸಪೋರ್ಟಿನವರು ರಾತ್ರಿಯೆಲ್ಲ ಎದ್ದಿದ್ದರು. ಇನ್ನು ಮೇಲೆ ಟೆಸ್ಟ್ ಪಾಸಾಗದೆ ಕೋಡ್ ಮರ್ಜ್ ಬೇಡ, 15 ದಿನ ಬಿಟ್ಟು ಮತ್ತೆ ಕೂತು ನೋಡೋಣ." ಎರಡು ಹೊಗಳಿಕೆಯ ನಡುವೆ ಇದನ್ನು ಸುತ್ತಿ ಕೊಡಬೇಡ, ಅವರಿಗೆ ಕೇಳಿಸುವುದು ಹೊಗಳಿಕೆ ಮಾತ್ರ. ಅಂದೇ ಸಂಜೆ ಇದೇ ಮಾತು ನಾಲ್ಕು ಸಾಲಿನ ಮೇಲ್ ಆಗಿ ಹೋಗಲಿ. ಹೀಗೆ ಎರಡು ಮೂರು ಸಲ ಆದಮೇಲೂ ಸರಿಹೋಗದಿದ್ದರೆ ಎಚ್‌ಆರ್ ಹತ್ತಿರ ಹೋಗು. 30, 60 ಅಥವಾ 90 ದಿನದೊಳಗೆ ಸುಧಾರಿಸಬೇಕೆಂದು ಗಡುವು ಹಾಕುವ ಪಿಐಪಿ ಬರುವುದು ಆಮೇಲೆ. ಪಿಐಪಿ ಕಾಗದ ಕೈಗೆ ಬಂದಾಗಲೇ ಒಬ್ಬರಿಗೆ ವಿಷಯ ಗೊತ್ತಾದರೆ ತಪ್ಪು ನಿನ್ನದು.

ಹೊತ್ತಲ್ಲದ ಹೊತ್ತಿನಲ್ಲಿ ಸಿಸ್ಟಂ ಬಿದ್ದರೆ ಎದ್ದು ನೋಡುವ ಆನ್-ಕಾಲ್ ಸರದಿ ವಾರಕ್ಕೊಬ್ಬರಂತೆ ಎಂಟು ಜನಕ್ಕೂ ಹಂಚು, ಚುರುಕಾದ ಇಬ್ಬರ ತಲೆಗೇ ಕಟ್ಟಬೇಡ. ನಿಮ್ಮ ಕಂಪನಿಯವರಿರುವ ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ರಾತ್ರಿ ಕಾಲ್ ವಾರಕ್ಕೆ ಎರಡು ದಿನ ಎಂದು ಗೆರೆ ಹಾಕು, ಒಮ್ಮೊಮ್ಮೆ ಅವರೂ ಬೆಳಗ್ಗೆ ಬೇಗ ಏಳಲಿ.

ಒಂದನ್ನು ಮಾತ್ರ ನೀನೇ ಪಂಚಾಯಿತಿ ಮಾಡಲು ಹೋಗಬೇಡ. ಟೀಮಿನ ಹೆಣ್ಣುಮಗಳೊಬ್ಬಳು ಲೈಂಗಿಕ ಕಿರುಕುಳದ ಮಾತು ತಂದರೆ, ಪೂರ್ತಿ ಕೇಳು. ಆ ಇನ್ನೊಬ್ಬನನ್ನು ಕರೆಸಿ ವಿಚಾರಿಸಬೇಡ, ರಾಜಿ ಮಾಡಿಸಬೇಡ. 2013ರ ಕಾಯ್ದೆ ಪ್ರಕಾರ ಅದು ಆಂತರಿಕ ಸಮಿತಿಯ ಕೆಲಸ. ಲಿಖಿತ ದೂರಿಗೆ ಘಟನೆಯಿಂದ ಮೂರು ತಿಂಗಳ ಗಡುವಿದೆ, ಅದನ್ನು ಅವಳಿಗೆ ಅವತ್ತೇ ತಿಳಿಸು.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ ಹಬ್ಬಕ್ಕೆ ಬರುತ್ತೀಯಲ್ಲ. ಅಷ್ಟರೊಳಗೆ ಎಂಟೂ ಜನರ ಅರ್ಧ ಪುಟದ ಕರಡು ಬರೆದು ತಾ, ಹೆಸರು ಅಳಿಸಿ. ಯಾವುದರಲ್ಲಿ ಅಂಕಿ ಕಡಿಮೆ ಇದೆ ಎಂದು ಜಗಲಿಯಲ್ಲಿ ಕೂತು ನೋಡೋಣ.

ಇಂತಿ ನಿನ್ನ
ದೊಡ್ಡಪ್ಪ